ಅತ್ತಿ ಅಲ್ಲ, ಮೇಡಮ್

ಹಿಂದವಾಡಿ, ಬೆಳಗಾವಿ
ಶನಿವಾರ, ೧೪ ಮಾರ್ಚ್ ೨೦೨೬

ಪ್ರೀತಿಯ ಅಣ್ಣನಿಗೆ ನಿನ್ನ ತಂಗಿ ಮಾಡುವ ನಮಸ್ಕಾರ.

ನೀನು, ವೈನಿ, ಪುಟ್ಟ ಕಾಡವ್ವ ಮೂವರೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಬೆನ್ನುನೋವು ಹೇಗಿದೆ? ಟೆಂಪೋದಿಂದ ಹಂಚು ಇಳಿಸುವಾಗ ನೀನೇ ಕೈ ಹಚ್ಚಬೇಡ, ಹಮಾಲರಿಗೆ ಬಿಡು ಎಂದು ಎಷ್ಟು ಸಲ ಹೇಳಿದರೂ ನೀನು ಕೇಳುವವನಲ್ಲ. ವೈನಿಯ ಹಲ್ಲುನೋವು ಇಳಿಯಿತೇ? ಲವಂಗ ಕಚ್ಚಿಕೊಂಡು ದಿನ ತಳ್ಳಬೇಡ ಎಂದು ಹೇಳು, ಒಮ್ಮೆ ಡಾಕ್ಟರಿಗೆ ತೋರಿಸಲಿ. ಇಲ್ಲಿ ನಮ್ಮ ಅಮರನಿಗೂ ಹಲ್ಲಿನದೇ ಗೋಳು, ಮೇಲಿನವು ಬರುತ್ತಿವೆ. ರಾತ್ರಿಯೆಲ್ಲ ಕಿರಿಕಿರಿ. ಅವನು ಮಲಗಿದರೂ ನನಗೆ ನಿದ್ದೆಯಿಲ್ಲ, ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ಆಡುತ್ತಿದೆಯೋ ಇಲ್ಲವೋ ಎಂದು ನೋಡುತ್ತ ಕೂಡುತ್ತೇನೆ. 'ಅದು ಕೂಸೈತಿ, ಗಡಿಯಾರ ಅಲ್ಲ, ಘಳಿಗಿಗೊಮ್ಮಿ ನೋಡಾಕ' ಎಂದು ಅತ್ತೆ ಬೈಯುತ್ತಾರೆ. ಈಗ ಮಧ್ಯಾಹ್ನ. ಅವನು ಅವರ ತೊಡೆಯ ಮೇಲೆ ಮಲಗಿದ್ದಾನೆ. ಬಾಗಿಲ ಸಪ್ಪಳಕ್ಕೂ ಏಳುತ್ತಾನೆಂದು ನಾನು ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ನಗಬೇಡ.

ದಿನಾ ಬೆಳಗ್ಗೆ ಖಾನಾಪುರಕ್ಕೆ ಬಂದು ಹೋಗುವವಳು ಖಾನಾಪುರಕ್ಕೇ ಪತ್ರ ಬರೆಯುತ್ತಾಳೆ ನೋಡು ಎಂದು ವೈನಿ ಅಂದೇ ಅನ್ನುತ್ತಾಳೆ. ಅನ್ನಲಿ. ನಿಮ್ಮ ಓಣಿಯ ತಿರುವು ಬಂದಾಗ ನಿನ್ನ ಟೆಂಪೋ ಕಾಣದ ಬದಿಯ ಸೀಟನ್ನು ನಾನು ಮೊದಲೇ ಹುಡುಕಿ ಕೂತಿರುತ್ತೇನೆ, ಹೋದ ವಾರದಿಂದ ಹೀಗೇ ನಡೆದಿದೆ. ಫೋನ್ ಮಾಡಿದರೆ ನೀನು ಮಾತು ತೆಗೆಯಲಿಕ್ಕೇ ಬಿಡುವುದಿಲ್ಲ. 'ಏ, ಬಿಡವಾ, ಡ್ಯೂಟಿ ಅಂದ್ರ ಡ್ಯೂಟಿ' ಎಂದು ನಕ್ಕು, ಕೂಸಿನ ಹಲ್ಲಿನ ಸುದ್ದಿ ಕೇಳಿ ಇಟ್ಟುಬಿಡುತ್ತೀ. ನೀನು ನಾಲ್ಕು ಬೈದಿದ್ದರೆ ನನಗೆ ಒಂದು ತಾಸಾದರೂ ನಿದ್ದೆ ಹತ್ತುತ್ತಿತ್ತು ಅಣ್ಣಾ.

ಕಾಡವ್ವನನ್ನು ನಿನ್ನ ಸಾಲಿಗೇ, ನೀನು ಪ್ರಿನ್ಸಿಪಾಲ್ ಇರುವ ಶಾಲೆಗೇ, ಹಾಕುತ್ತೇನೆ ಎಂದು ನೀನು ಸಂಕ್ರಾಂತಿಗೇ ಹೇಳಿದ್ದೆ. ನಾನು 'ನೋಡೋಣ ಅಣ್ಣ' ಅಂದೆ. ನಮ್ಮ ಮನೆಯಲ್ಲಿ 'ನೋಡೋಣ' ಅಂದರೆ ಆಯಿತು ಎಂದೇ ಅರ್ಥ, ಅಪ್ಪ ಎಂದಾದರೂ ನೋಡೋಣ ಎಂದು ಇಲ್ಲವೆಂದದ್ದುಂಟೇ? ನಾನು ಮಾತ್ರ ಬೆಳಗಾವಿಯ ಆಫೀಸುಗಳಲ್ಲಿ ಕಲಿತ 'ನೋಡೋಣ' ಹೇಳಿದ್ದೆ. ಈ ವರ್ಷ ಎಲ್‌ಕೆಜಿಗೆ ಹೊಸ ನಿಯಮ ಬಂದಿದೆ, ತಾಯಿ ತಂದೆ ಇಬ್ಬರೂ ಪದವೀಧರರಾಗಿರಬೇಕು ಎಂದು ಆಗಲೇ ಬಾಯಿಬಿಟ್ಟು ಹೇಳಬೇಕಿತ್ತು. ನಮ್ಮ ಚೇರ್ಮನ್ ಬಾಳಾಸಾಹೇಬರ ಸ್ವಭಾವ ನಿನಗೆ ಗೊತ್ತಿಲ್ಲ. ಬೆಳಗಾವಿಯ ಸಂಸ್ಥೆ, ಖಾನಾಪುರದಲ್ಲಿ ಮೊದಲ ಶಾಖೆ, ಹೆಸರು ಮೇಲೆ ಬರಬೇಕೆಂಬ ಹಟ ಅವರಿಗೆ. ಮ್ಯಾನೇಜ್‌ಮೆಂಟಿನ ನಿಯಮ ಎಂದಮೇಲೆ ಸಂಬಳಕ್ಕಿರುವವಳು ನಾನೇನು ಮಾಡಲಿ?

ಹೋದ ವಾರ ಆ ಶುಕ್ರವಾರ ನಾನು ಪ್ರವೇಶದ ಸಂದರ್ಶನ ಮಾಡುತ್ತ ಕೂತಿದ್ದೆ, ಚೇರ್ಮನ್‌ರು ಪಕ್ಕದ ಕುರ್ಚಿಯಲ್ಲಿದ್ದರು. ಬಾಗಿಲಲ್ಲಿ ನೀನು ಕಂಡೆ. ಲಗ್ನದಲ್ಲಿ ಹೊಲಿಸಿದ ಬಿಳಿ ಅಂಗಿ, ಗುಂಡಿ ಕುತ್ತಿಗೆಯವರೆಗೆ ಹಾಕಿದ್ದೆ. ಹಿಂದೆ ವೈನಿ, ಅವಳ ಸೊಂಟದ ಮೇಲೆ ಕಾಡವ್ವ. ನಿನ್ನ ಮುಖ ಅರಳಿತು, 'ಏ ಮಾಯ…' ಎಂದು ಬಾಯಿ ತೆರೆದೆ, ನನ್ನ ಮುಖ ನೋಡಿದೆ. ಅಷ್ಟೇ. ಘಾಟಿನಲ್ಲಿ ಎದುರಿನ ಗಾಡಿ ದೀಪ ಹಾಯಿಸಿದೊಡನೆ ನೀನು ಬದಿಗೆ ಸರಿದು ದಾರಿ ಬಿಡುತ್ತೀಯಲ್ಲ, ಹಾಗೆ ಸರಿದೆ. 'ನಮಸ್ಕಾರ್ರೀ ಮೇಡಮ್ಮಾರ' ಅಂದೆ. ನನ್ನ ಮುಖದಲ್ಲಿ ನಿನಗೆ ಏನು ಕಂಡಿತು ಅಣ್ಣಾ? ಅದನ್ನು ನೆನೆದರೆ ಈಗಲೂ ಕನ್ನಡಿ ನೋಡಲು ಆಗುವುದಿಲ್ಲ.

ಕೂಸಿಗೆ ಇದೆಲ್ಲ ಹೇಗೆ ತಿಳಿಯಬೇಕು? ಅದು 'ಅತ್ತೀ' ಎಂದು ಎರಡೂ ಕೈ ಚಾಚಿತು. ನೀನು ಅದನ್ನು ವೈನಿಯ ಸೊಂಟದಿಂದ ಎತ್ತಿಕೊಂಡು, ಬೆನ್ನು ತಟ್ಟಿ, 'ಅತ್ತಿ ಅಲ್ಲವಾ, ಮೇಡಮ್. ಮೇಡಮ್ ಅನ್ನು' ಎಂದೆ. ಬಾಳಾಸಾಹೇಬರು ನಕ್ಕರು, 'ಪಾಪ, ಕೂಸಿಗೆ ಎಲ್ಲಾರೂ ಅತ್ತಿನ' ಅಂದರು. ನಾನೂ ಅವರ ಜೊತೆ ನಕ್ಕೆ. ಆಮೇಲೆ ಪೆನ್ನು ತೆಗೆದು, ಮಗುವಿನ ಹೆಸರೇನು ಎಂದು ಕೇಳಿದೆ. ನಮ್ಮ ಅವ್ವನ ಹೆಸರನ್ನು, ಅವ್ವ ತೀರಿಕೊಂಡ ವರ್ಷ ಹುಟ್ಟಿದ ಕೂಸಿಗೆ ನಾನೇ ತೊಟ್ಟಿಲಲ್ಲಿ ಕಿವಿಯೂದಿ ಇಟ್ಟ ಹೆಸರನ್ನು, ನಾನು ನಿನ್ನನ್ನು ಕೇಳಿದೆ. ನೀನು ಎದ್ದು ನಿಂತು ಹೇಳಿದೆ.

ಎಷ್ಟು ಕಲಿತಿದ್ದೀರಿ ಎಂದರೆ 'ಹತ್ತನೇತ್ತ ಫೇಲ್ ರೀ. ಎರಡ ಸಲ' ಎಂದು ಪಾಸಾದವರಿಗಿಂತ ಗಟ್ಟಿಯಾಗಿ ಹೇಳಿದೆ. ಮನೆಯಲ್ಲಿ ಹೋಮ್‌ವರ್ಕ್ ಯಾರು ಮಾಡಿಸುತ್ತಾರೆ ಎಂದು ಚೇರ್ಮನ್‌ರು ಕೇಳಿದಾಗ ವೈನಿ ಬಾಯಿ ಹಾಕಿದಳು: 'ಇಕೀಗಿ ಒಬ್ಬಾಕಿ ಅತ್ತಿ ಅದಾಳ್ರೀ. ಭಾಳ ಕಲ್ತಾಕಿ. ಆದ್ರ ಈಗ ಆಕೀಗಿ ನಮ್ಮ ಗುರ್ತ ಹತ್ತವಲ್ದು.' ನೀನು ಅವಳ ಮೊಣಕೈ ಜಗ್ಗಿದ್ದು ನಾನು ನೋಡಿದೆ. ಆದರೂ ಎದ್ದು ಹೋಗುವಾಗ ಅವಳು ನಿಂತೇ ನಿಂತಳು. 'ಒಂದ ಮಾತ ಕೇಳ್ತೀನ್ರೀ. ಮೇಡಮ್ಮಾರ ಅವ್ವ ಅಪ್ಪ ಎಷ್ಟ ಕಲ್ತಾರ?' ನಾನು ಉತ್ತರಿಸಬೇಕಿತ್ತು. ಉತ್ತರಿಸಿದವರು ಬಾಳಾಸಾಹೇಬರು: 'ಮೇಡಮ್ ದೊಡ್ಡ ಮನಿತನದವರು, ಅಂಥಾವೆಲ್ಲಾ ಕೇಳಬಾರ್ದು.' ಬೀಡಿ ಊರಿನ ಹೊಲಗಳಲ್ಲಿ ಕುರಿ ಕೂಡಿಸಿ, ಕಂಬಳಿ ಹೊದ್ದು ಮಲಗುತ್ತಿದ್ದ ನಮ್ಮ ಅಪ್ಪ ಸಾತಪ್ಪ ಆ ಕ್ಷಣದಲ್ಲಿ ದೊಡ್ಡ ಮನೆತನದವನಾದ, ನಾನು ಹಾಗೇ ಆಗಗೊಟ್ಟೆ. ನಿಮ್ಮ ಹಿಂದೆ ಹಂಚಿನ ಕಾರ್ಖಾನೆಯ ಖಲೀಲ ತನ್ನ ಮಗನನ್ನು ಕರೆದುಕೊಂಡು ಬಂದಿದ್ದ, ಅವನಿಗೂ ಅವೇ ಪ್ರಶ್ನೆ ಕೇಳಿ ಕಳಿಸಿದೆವು.

ಇಷ್ಟಕ್ಕೇ ಮುಗಿದಿದ್ದರೆ ಹೇಗೋ ನಿನ್ನ ಕಾಲಿಗೆ ಬೀಳುತ್ತಿದ್ದೆ. ಮೊನ್ನೆ ಬುಧವಾರ ನಾನು ಬಿ.ಎಡ್. ಮಾಡಿದ ಕಾಲೇಜಿನಲ್ಲಿ ಸನ್ಮಾನ ಇತ್ತು. ಇಲ್ಲಿ ಕಲಿತು ಶಿಕ್ಷಣ ಕ್ಷೇತ್ರದಲ್ಲಿ ಮುಂದೆ ಬಂದವರು ಈಗಿನ ವಿದ್ಯಾರ್ಥಿಗಳಿಗೆ ತಮ್ಮ ದಾರಿ ಹೇಳಬೇಕೆಂದು ನಮ್ಮ ಬ್ಯಾಚಿನ ಮೂವರನ್ನು ಕರೆಸಿದ್ದರು. ಗುರುಪುತ್ರಪ್ಪ ಈಗ ಶಿಕ್ಷಣ ಇಲಾಖೆಯಲ್ಲಿ ಅಧಿಕಾರಿ. ಖಾನಾಪುರದ ನಮ್ಮ ಮಮ್ತಾಜ, ನಿನಗೆ ಗೊತ್ತಲ್ಲ, ಬಳೆ ಅಂಗಡಿಯ ಬಾಬಾಜಾನ ಚಾಚಾನ ಮಗಳು, ಅತಿಥಿ ಶಿಕ್ಷಕಿಯಾಗಿ ಊರೂರು ಅಲೆದು, ನಡುವೆ ಎಂ.ಎ. ಕಟ್ಟಿ, ಈಗ ನೆಹರು ನಗರದ ಕಡೆ ಒಂದು ಕಾಲೇಜಿಗೆ ಪ್ರಾಚಾರ್ಯೆ. ಮೂರನೆಯವಳು ನಾನು. ಮುಂದಿನ ಸಾಲಿನಲ್ಲೇ ಬಾಳಾಸಾಹೇಬರು ಕೂತಿದ್ದರು, ತಮ್ಮ ಪ್ರಿನ್ಸಿಪಾಲಿಗೆ ಶಾಲು ಹೊದಿಸುವುದನ್ನು ನೋಡಲು.

ಮಮ್ತಾಜ ಮೈಕಿನ ಮುಂದೆ ನಿಂತು ಏನೆಂದಳು ಗೊತ್ತೇ? 'ನಾ ಪ್ರಾಚಾರ್ಯೆ ಆದ ದಾರಿ ಕೇಳ್ತೀರಿ. ಆ ದಾರಿಗಿ ಕುರಿ ಹಿಕ್ಕಿ ವಾಸನಿ ಐತಿ!' ಎಲ್ಲರೂ ನಕ್ಕರು. ಬಸ್ ಮುಷ್ಕರದ ದಿನ ನಮ್ಮ ಪರೀಕ್ಷೆ ಇತ್ತಲ್ಲ, ಕುರಿ ಇಳಿಸಲು ವೇಳೆಯಿಲ್ಲದೆ ಅವುಗಳ ಜೊತೆಗೇ ನಮ್ಮಿಬ್ಬರನ್ನೂ ಹೇರಿಕೊಂಡು ನೀನು ಬೆಳಗಾವಿಗೆ ಟೆಂಪೋ ಹೊಡೆದಿದ್ದೆಯಲ್ಲ, ಅದನ್ನು ಬಣ್ಣ ಕಟ್ಟಿ ಹೇಳಿದಳು. ಹೋತ ಅವಳ ದುಪಟ್ಟಾದ ಅಂಚು ತಿಂದದ್ದು, ನೀನು ದಾರಿಯುದ್ದಕ್ಕೂ 'ಓದ್ಕೋರಿ, ಓದ್ಕೋರಿ, ಕುರಿಗೋಳ ಸಹಿತ ಪಾಸ್ ಆಗಬೇಕು' ಎಂದು ಕೂಗುತ್ತ ಹೋದದ್ದು, ಒಂದೂ ಬಿಡಲಿಲ್ಲ. 'ಆ ಗಾಡಿ ಹೊಡದ ಸೋಮಲಿಂಗಣ್ಣನ ತಂಗಿ ಇಲ್ಲೇ ಕುಂತಾಳ. ಮುಂದಿನ ಕತಿ ಆಕಿನ ಹೇಳ್ತಾಳ' ಎಂದು ಮೈಕು ನನ್ನ ಕೈಗೆ ಕೊಟ್ಟಳು.

ಎಂಥ ಅವಕಾಶ ಅದು! ದೇವರೇ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ನಾನು ಗಂಟಲು ಸರಿಮಾಡಿಕೊಂಡು ಸಮಯಪಾಲನೆಯ ಮಹತ್ವದ ಬಗ್ಗೆ ಮಾತಾಡಿದೆ. ನಗಬೇಡ. ನಾಯಕತ್ವ, ಗುರಿ, ಶಿಸ್ತು ಎಂದೆಲ್ಲ ಹೇಳಿದೆ, ನಿನ್ನ ಹೆಸರೊಂದು ಬಿಟ್ಟು. ಮಮ್ತಾಜ ನನ್ನ ಕಡೆ ನೋಡಿದ ನೋಟವನ್ನು ನಾನು ಶಾಲಿನ ಜೊತೆ ಮನೆಗೆ ತಂದಿದ್ದೇನೆ. ಊಟದ ಸಾಲಿನಲ್ಲಿ ಬಾಳಾಸಾಹೇಬರು 'ನಿಮ್ಮ ಅಣ್ಣಾರದು ಟ್ರಾನ್ಸ್‌ಪೋರ್ಟ್ ಬಿಸಿನೆಸ್ ಏನ್ರೀ?' ಎಂದು ಕೇಳಿದರು. 'ಹೌದ್ರೀ' ಅಂದೆ. ಎಂಟು ದಿನ ಆಗಿರಲಿಲ್ಲ, ನೀನು ಅವರೆದುರು ಹತ್ತನೇತ್ತ ಫೇಲ್ ಎಂದು ಹೇಳಿ ಹೋಗಿ. ಅವರಿಗೆ ಮುಖದ ನೆನಪೂ ಇರಲಿಲ್ಲ.

ನಿನ್ನೆ ವೈನಿಗೆ ಫೋನ್ ಮಾಡಿದ್ದೆ. ಅವಳು ಫೋನನ್ನು ಹಾಗೇ ಕಾಡವ್ವನ ಕೈಗೆ ಕೊಟ್ಟಳು. ಕೂಸು ಜಾಣೆ. 'ಮೇಡಮ್, ಅಮರ ಉಂಡನ?' ಎಂದು ಕೇಳಿತು. ನೀನು ಕಲಿಸಿದ್ದನ್ನು ಅದು ಮರೆತಿಲ್ಲ ಅಣ್ಣಾ. ನಾನು ಎಷ್ಟು ಸಲ 'ಅತ್ತಿ ಅನ್ನು' ಎಂದರೂ, 'ಅಪ್ಪ ಬೈತಾನ' ಅಂದಿತು.

ಈಗ ಕೆಲಸದ ಮಾತು. ಅಮರನಿಗೆ ಹನ್ನೊಂದು ತಿಂಗಳು ತುಂಬುವುದರೊಳಗೆ ಜವಳ ಆಗಬೇಕೆಂದು ಅತ್ತೆ ಹಟ ಹಿಡಿದಿದ್ದಾರೆ. ಬರುವ ಗುರುವಾರ, ಯುಗಾದಿಯ ದಿನವೇ, ಮನೆಯಲ್ಲೇ ಇಟ್ಟುಕೊಂಡಿದ್ದೇವೆ. ಸೋದರಮಾವ ತೊಡೆಯ ಮೇಲೆ ಕೂಡಿಸಿಕೊಳ್ಳದೆ ಕೂದಲು ತೆಗೆಸುವಂತಿಲ್ಲ, ಅದು ನಿನಗೆ ಗೊತ್ತು. ಬೇಕಾದರೆ ದೂರದ ಸಂಬಂಧದ ಯಾರನ್ನಾದರೂ ಮಾವ ಎಂದು ಕೂಡಿಸಬಹುದು ಎಂದು ನಮ್ಮ ಮನೆಯವರು ಅಂದರು, ನನ್ನ ಮುಖ ನೋಡಿ ಪಾಪ ಹಾಗೆ ಅಂದದ್ದು. ನಾನು ಒಲ್ಲೆ ಅಂದೆ. ನೀನು ಬರದಿದ್ದರೆ ಕೂದಲು ಬೆಳೆಯಲಿ, ಜಡೆ ಹಾಕುತ್ತೇನೆ. ಶಾಲೆಯವರೂ ಬರುತ್ತಾರೆ, ಬಾಳಾಸಾಹೇಬರನ್ನೂ ಕರೆದಿದ್ದೇನೆ. ನಿನ್ನ ತೊಡೆಯ ಮೇಲೆ ನನ್ನ ಮಗ ಕೂತದ್ದನ್ನು ಅವರೆಲ್ಲ ನೋಡಲಿ. ನೀನು ಟೆಂಪೋದಲ್ಲೇ ಬಾ, ಬಾಗಿಲ ಮುಂದೆಯೇ ನಿಲ್ಲಿಸು. ಬರುವುದು ಬಿಡುವುದು ನಿನಗೆ ಬಿಟ್ಟದ್ದು ಎಂದು ಬರೆಯಬೇಕು, ಆದರೆ ನನ್ನಿಂದ ಆಗುವುದಿಲ್ಲ. ಬಾ ಅಣ್ಣಾ.

ಈ ಪತ್ರವನ್ನು ಅಂಚೆಗೆ ಹಾಕದೆ ನಾಳೆ ಇವರ ಕೈಯಲ್ಲೇ ಕಳಿಸುತ್ತಿದ್ದೇನೆ. ಅವರೆದುರು ಓದಬೇಡ. ವೈನಿಗೆ ಓದಿ ಹೇಳು, ಅವಳು ಬೈದರೆ ಬೈದಷ್ಟನ್ನೂ ನನಗೆ ಮುಟ್ಟಿಸು. ಕಾಡವ್ವನ ಕೆನ್ನೆಗೆ ನನ್ನದೊಂದು ಮುತ್ತು ಕೊಡು. ಅತ್ತೆಯವರು ನಿಮಗೆಲ್ಲ ಆಶೀರ್ವಾದ ತಿಳಿಸಿದ್ದಾರೆ.

ನಿನ್ನ ತಂಗಿ,
ಮಾಯಾ

ತಾ.ಕ.: ಮೇಲಿನದನ್ನೆಲ್ಲ ಬರೆದು ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಅಮರ ಎದ್ದಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಆ ನಿಯಮ ಬಾಳಾಸಾಹೇಬರದಲ್ಲ ಅಣ್ಣಾ, ನನ್ನದು. ಪ್ರಿನ್ಸಿಪಾಲ್ ಹುದ್ದೆಗೆ ನನ್ನನ್ನು ಸಂದರ್ಶನ ಮಾಡಿದಾಗ, ಶಾಲೆಯ ಹೆಸರು ಮೇಲೆ ತರಲು ಏನು ಮಾಡುತ್ತೀರಿ ಎಂದು ಕೇಳಿದ್ದರು. ಪದವೀಧರರ ಮಕ್ಕಳನ್ನಷ್ಟೇ ತೆಗೆದುಕೊಂಡರೆ ಫಲಿತಾಂಶ ತಾನೇ ಬರುತ್ತದೆ ಎಂದು ನಾನೇ ಹೇಳಿದೆ. ಅದಕ್ಕೇ ಅವರು ಮೆಚ್ಚಿ ಈ ಕುರ್ಚಿ ಕೊಟ್ಟದ್ದು. ಈಗ ನಾನೇ ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ: ಆ ದಿನ ಬಂದವನು ನನ್ನ ಅಣ್ಣ, ನಮ್ಮಪ್ಪ ಕುರಿ ಕಾಯುತ್ತಿದ್ದ, ನಿಯಮ ತೆಗೆಯಿರಿ ಎಂದು. ಅವರು ಸಿಟ್ಟಾಗಲಿಲ್ಲ. 'ಅಯ್ಯ, ಮೊದ್ಲ ಹೇಳಬಾರ್ದೇನ್ರೀ! ನಿಮ್ಮ ಅಣ್ಣಾರ ಮಗಳಂದ್ರ ಒಂದ ಸೀಟ್ ಏನ್ ದೊಡ್ಡ ಮಾತು? ನಿಯಮ ಉಳಿದವರಿಗಿ ಇರ್ಲಿ' ಅಂದರು. ನಾನು ಬೇಡ ಅಂದೆ. ತೆಗೆದರೆ ಎಲ್ಲರಿಗೂ ತೆಗೆಯಬೇಕು, ಖಲೀಲನ ಮಗನಿಗೂ, ಇಲ್ಲದಿದ್ದರೆ ಸೋಮವಾರದ ಪ್ರವೇಶ ಪಟ್ಟಿಗೆ ನಾನು ಸಹಿ ಹಾಕುವುದಿಲ್ಲ ಅಂದೆ. 'ಹಂಗಾದ್ರ ಸಹಿ ಹಾಕವ್ರನ್ನ ಹುಡಕಬೇಕಾಗ್ತೈತಿ' ಎಂದು ಫೋನ್ ಇಟ್ಟರು. ಕೈಗೆ ಬಂದ ಕಾಡವ್ವನ ಸೀಟನ್ನು ನಿನ್ನನ್ನು ಕೇಳದೆ ಕಳೆದಿದ್ದೇನೆ, ಇದಕ್ಕೂ ನೀನು ನಕ್ಕುಬಿಡಬೇಡ, ಬೈದೇ ಬೈ. ಸೋಮವಾರ ನಿಮ್ಮ ತಿರುವಿನಲ್ಲೇ ಬಸ್ಸಿಳಿದು ಮೊದಲು ಮನೆಗೆ ಬರುತ್ತೇನೆ, ಆಮೇಲೆ ಶಾಲೆಗೆ. ಸಂಜೆಯ ಹೊತ್ತಿಗೆ ನಾನು ಮೇಡಮ್ ಆಗಿ ಉಳಿದಿರುತ್ತೇನೋ ಇಲ್ಲವೋ ಗೊತ್ತಿಲ್ಲ, ಕೂಸಿಗೆ ಅಷ್ಟರೊಳಗೆ ಮತ್ತೆ 'ಅತ್ತಿ' ಅನ್ನುವುದನ್ನು ಕಲಿಸಿಡು.