ಸಣ್ಣಪುಟ್ಟ ಗಾಯ

ಮೊಳಕಾಲ್ಮೂರು, 18 ಜೂನ್ 1997, ಬುಧವಾರ

ಸೂರಮ್ಮನವರ ಹೆಬ್ಬೆರಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಸೋಮವಾರ ಟೆಂಪೊ ಮಗುಚಿದಾಗ "ಐವರಿಗೆ ಸಣ್ಣಪುಟ್ಟ ಗಾಯ" ಎಂದು ಪತ್ರಿಕೆಗೆ ಬರೆದು ಕಳಿಸಿದವನು ನಾನೇ. ಆಸ್ಪತ್ರೆಗೂ ಹೋಗಿರಲಿಲ್ಲ. ಯಾರೂ ಸಾಯದಿದ್ದರೆ ಹಾಗೆ ಬರೆಯುವುದು ನಮ್ಮ ರೂಢಿ.

ಇವತ್ತು ಆ ಐವರಲ್ಲಿ ಒಬ್ಬರಾದ ಸೂರಮ್ಮನವರ ಮನೆಗೆ ಹೋದೆ. ಮಗ್ಗದಲ್ಲಿ ಅರ್ಧ ಸೀರೆ ಹಾಗೇ ನಿಂತಿದೆ. ಕಟ್ಟು ಹಾಕಿದ ಕೈ ತೋರಿಸಿ, "ಕಡಿದ ಎಳೆ ಕೂಡ್ಸಾಕೆ ಈ ಬೆರಳೇ ಬೇಕಪ್ಪ. ಇದು ಸಣ್ಣದೇನು?" ಅಂದರು. ಸಿಟ್ಟಿರಲಿಲ್ಲ, ಕೇಳಿದರು ಅಷ್ಟೆ.

ಬಂದು ನನ್ನ ಹಳೆಯ ವರದಿಗಳ ಫೈಲು ತೆಗೆದೆ. ಪುಟಪುಟಕ್ಕೂ ಸಣ್ಣಪುಟ್ಟ ಗಾಯ. ಒಬ್ಬರ ಹೆಸರೂ ಇಲ್ಲ.

ನಾಳೆ ಉಳಿದ ನಾಲ್ವರ ಮನೆಗೂ ಹೋಗಿ, ಬರೆದು, ಪತ್ರಿಕೆಗೆ ತಲುಪಿಸಲು ಸಂಜೆ ಬಸ್ಸಿಗೆ ಲಕೋಟೆ ಕೊಡುತ್ತೇನೆ. ಪತ್ರಿಕೆಯವರು ಹೊಡೆದುಹಾಕಿದರೆ ಮತ್ತೆ ಬರೆಯುತ್ತೇನೆ. ಮೊದಲ ಸಾಲು ಈಗಲೇ ಬರೆದಿಟ್ಟು ಮಲಗುತ್ತೇನೆ: ಸೂರಮ್ಮ, ಸೀರೆ ನೇಯುವವರು, ಬಲಗೈ ಹೆಬ್ಬೆರಳು ಮುರಿದಿದೆ.