ಎಡಗಡೆ ಸ್ಪೀಕರ್

ತಮ್ಮಾ,

ವಾಲ್ವ್ ಆಂಪ್ಲಿಫೈಯರ್ ವಾಪಸ್ ತಗೊಳ್ಳೋಕೆ ಅಂಗಡಿಯವನು ಬರ್ತಾನೆ. ಕೊಡಬೇಡ. ಕರೆಸಿದ್ದು ನಾನೇ, ಆದ್ರೂ ಕೊಡಬೇಡ.

"ನೀನು ಆರಿಸಿದ ಡಬ್ಬಾ, ಎಡಗಡೆ ಸ್ವರವೇ ಇಲ್ಲ" ಅಂತ ವಾರವೆಲ್ಲ ನಿನ್ನ ತಲೆ ತಿಂದೆ. ಒಳಗಿನ ಗಾಜಿನ ಬುರುಡೆ, ಆ ವಾಲ್ವ್‌ಗಳನ್ನ ಅದಲುಬದಲು ಮಾಡಿದೆ, ವೈರ್ ಬದಲಾಯಿಸಿದೆ. ಎಡಗಡೆ ಮಂಕು ಮಂಕೇ. ಇವತ್ತು ನೀನು ಕೇಳು ಕೇಳು ಅಂತಿದ್ದ ಪಿಟೀಲಿನ ರೆಕಾರ್ಡ್ ಹಾಕಿ, ತಲೆಕೆಟ್ಟು ಕುರ್ಚಿ ತಿರುಗಿಸಿ, ಸ್ಪೀಕರ್‌ಗಳಿಗೆ ಬೆನ್ನು ಹಾಕಿ ಕೂತೆ. ಆಗ ಎಡಗಡೆ ಸ್ಪೀಕರ್ ಸ್ವಚ್ಛವಾಗಿ ಕೇಳಿಸ್ತು, ಬಲಗಡೆ ಸ್ಪೀಕರ್ ಮಂಕಾಯ್ತು!

ಕಿವಿ ಡಾಕ್ಟರ ಹತ್ರ ಹೊರಟೆ. ಕೂತಲ್ಲಿ ಕೂರೋಕಾಗ್ತಿಲ್ಲ. ಅಮ್ಮನಿಗೆ ತರಕಾರಿಗೆ ಹೋದ ಅನ್ನು. ವಾಲ್ವ್ ಇನ್ನೂ ಕೆಂಡದ ಹಾಗೆ ಕಾದಿದೆ, ಮುಟ್ಟಬೇಡ.

ಸಂಜೆ ಆ ರೆಕಾರ್ಡ್ ಮತ್ತೆ ಹಾಕೋಣ. ನನ್ನ ಬಲಗಡೆ ಕೂತ್ಕೋ. ಎಡಗಡೆ ಏನು ನುಡಿಸ್ತಿದ್ದಾರೆ ಅಂತ ಹೇಳ್ತಾ ಇರು.

ಅಣ್ಣ