ಚಿನ್ಮಯಿಯ ಮೈಯಲ್ಲಿ ತಾಮ್ರ

ಆರ್.ಕೆ.ಪುರಂ, ನವದೆಹಲಿ
ನವೆಂಬರ್ 18, ಮಂಗಳವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ತಂಗಿ ಮೈತ್ರೇಯಿಯ ನಿಶ್ಚಿತಾರ್ಥದ ಸೀರೆ ಹುಡುಕುತ್ತ ಅದನ್ನೂ ಮರೆತೆಯೋ? ಫೋನಿನಲ್ಲಿ ನಿನ್ನ ಧ್ವನಿ ಕೇಳಿದರೆ ನನಗೆ ಹೇಳಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಚಿನ್ಮಯಿಯದು ಬರೀ ಕಾಮಾಲೆ ಅಲ್ಲವಂತೆ. ಎಟಿಪಿ7ಬಿ ಅಂತ ಒಂದು ಜೀನ್. ಅದರಿಂದ ತಯಾರಾಗುವ ಕಿಣ್ವ ಲಿವರಿನ ಜೀವಕೋಶಗಳ ಒಳಪೊರೆಯಲ್ಲಿ ಕೂತು, ಊಟದಲ್ಲಿ ಬಂದ ಹೆಚ್ಚಿನ ತಾಮ್ರವನ್ನು ಹೊರಗೆ ದಾಟಿಸಬೇಕು. ನಮ್ಮ ಮಗುವಿನಲ್ಲಿ ಆ ಕೆಲಸ ನಡೆಯುತ್ತಿಲ್ಲ. ತಾಮ್ರ ಅಲ್ಲೇ ಉಳಿದು ಲಿವರ್ ಕೆಟ್ಟಿದೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಹೀಗಾಗುತ್ತದಂತೆ. ನನ್ನಲ್ಲೂ ನಿನ್ನ ತಮ್ಮನಲ್ಲೂ ಇರುವುದು ಒಂದೇ ದೋಷ, ಅಜ್ಜನ ಮನೆಯಿಂದ ಬಂದದ್ದು. (ನನ್ನ ಗಂಡ ಅಂತ ನಿನಗೆ ಬರೆಯಲು ಇಂದಿಗೂ ನಾಚಿಕೆ.) ಡಾಕ್ಟರ್ ಚಿತ್ರ ಬರೆದು ವಿವರಿಸುವಾಗ ನಾನು ಸಂಜೆಗೆ ಬೆಂಡೆಕಾಯಿ ಇದೆಯೋ ಇಲ್ಲವೋ ಅಂತ ಯೋಚಿಸುತ್ತಿದ್ದೆ. ಅಳು ಬರಲಿಲ್ಲ. ಇನ್ನೂ ಬಂದಿಲ್ಲ.

ನೀವಿಬ್ಬರೂ ಮದುವೆಗೆ ಮುಂಚೆಯೇ ಸಂಬಂಧಿಕರೇ ಅಂತ ಮೊದಲಿನ ಡಾಕ್ಟರೂ ಕೇಳಿದ್ದರು. ನಿನ್ನ ತಮ್ಮ ಥಟ್ಟನೆ ‘ಜೀ ನಹೀಂ’, ಇಲ್ಲ, ಅಂದುಬಿಟ್ಟರು. ಸೋದರಮಾವನನ್ನು ಮದುವೆಯಾಗುವುದೆಂದರೆ ಇಲ್ಲಿಯವರು ಕಿವಿ ಮುಚ್ಚಿಕೊಳ್ಳುತ್ತಾರೆ. ಆಫೀಸಿನಲ್ಲಿ ಒಮ್ಮೆ ಬಾಯಿಬಿಟ್ಟು ನಗೆಪಾಟಲಾಗಿದ್ದರು ಪಾಪ. ಹಾಗಾಗಿ ಬೇಸಿಗೆ ಪೂರ್ತಿ ಕಾಮಾಲೆಯ ಔಷಧಿಯಲ್ಲೇ ಕಳೆಯಿತು. ಹೊಸ ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದಾಗ ಚಿನ್ಮಯಿಯೇ ಕಾಲು ಆಡಿಸುತ್ತ ‘ಪಾಪಾ ತೋ ಮಮ್ಮಾ ಕೇ ಮಾಮಾ ಹೈಂ’ ಅಂದಳು, ಅಪ್ಪ ಅಮ್ಮನ ಸೋದರಮಾವ ಅಂತ. ಡಾಕ್ಟರಮ್ಮ ನಗಲಿಲ್ಲ. ಅವತ್ತೇ ರಕ್ತಪರೀಕ್ಷೆಗೆ ಕಳಿಸಿದರು.

ಇನ್ನು ಜೀವನಪೂರ್ತಿ ಮಾತ್ರೆ. ಬಿಡದೆ ನುಂಗಿದರೆ ಎಲ್ಲರಂತೆ ಬೆಳೆಯಬಹುದಂತೆ, ಆದರೆ ಈಗಾಗಲೇ ಕೆಟ್ಟದ್ದು ಪೂರ್ತಿ ಸರಿಹೋಗುವ ಭರವಸೆ ಯಾರೂ ಕೊಡುತ್ತಿಲ್ಲ. ತಾಮ್ರ ಹೆಚ್ಚಿರುವ ಗೋಡಂಬಿ, ಚಾಕೊಲೇಟ್ ಎರಡೂ ಬಂದ್. ನೀನು ಕೊಟ್ಟ ತಾಮ್ರದ ಚೊಂಬನ್ನು ಎತ್ತಿಟ್ಟಿದ್ದೇನೆ. ಕಾಯಿಲೆ ಅದರಿಂದ ಬಂದದ್ದಲ್ಲ, ಸುಮ್ಮನೆ ಕೊರಗಬೇಡ. ಮಗು ಈಗ ಹೋಮ್‌ವರ್ಕ್ ಮಾಡುತ್ತಿದ್ದಾಳೆ, ಅಜ್ಜಿ ಯಾವಾಗ ಬರುತ್ತಾರೆ ಅಂತ ಕೇಳುತ್ತಾಳೆ.

ಅಪ್ಪನಿಗೂ ನಿನಗೂ ನಮಸ್ಕಾರ. ತಂಗಿಗೆ ಮುತ್ತು.

ನಿನ್ನ
ಹರ್ಷಿಣಿ

ತಾ.ಕ.: ಮೈತ್ರೇಯಿಗೂ ದೊಡ್ಡ ಮಾವನ ಮಗ ಹೃಷಿಕೇಶನಿಗೂ ಈ ಪರೀಕ್ಷೆ ಆಗುವವರೆಗೆ ನಿಶ್ಚಿತಾರ್ಥ ನಿಲ್ಲಿಸು, ಅವನೂ ಅಜ್ಜನ ಮನೆಯವನೇ. ಮನೆಯ ಮಾತು ಬೀದಿಗೆ ಬೀಳುತ್ತದೆ, ಬರೆಯಬೇಡ ಅಂತ ಹೇಳಿ ನಿನ್ನ ತಮ್ಮ ಬೆಳಿಗ್ಗೆ ಆಫೀಸಿಗೆ ಹೋದರು. ನೀನೂ ಅದನ್ನೇ ಹೇಳುತ್ತೀಯ, ಗೊತ್ತು. ಅದಕ್ಕೇ ಮೈತ್ರೇಯಿಗೆ ಆಗಲೇ ಫೋನ್ ಮಾಡಿ ಎಲ್ಲ ಹೇಳಿದ್ದೇನೆ. ಈ ಪತ್ರ ತಲುಪುವಷ್ಟರಲ್ಲಿ ರಕ್ತ ಕೊಟ್ಟು ಬಂದಿರುತ್ತಾಳೆ. ಅವಳನ್ನು ಬೈಯಬೇಡಮ್ಮ.